ಸತುವಿನ ಎಲೆ ಅರ್ಧ ಬೆಳೆದು ಕಪ್ಪಾಗ್ತಿದೆ, ಯಾರಾದ್ರೂ ಹೇಳಿ

ಸೇಡಂ_ಕವಲು: ತಲೆ ಕೆಟ್ಟು ಹೋಗಿದೆ. ಕರೆಂಟ್ ಹರಿಸಿ ಸತುವನ್ನು (ಜಿಂಕ್) ಎಲೆಯ ಹಾಗೆ ಕವಲೊಡೆಸಿ ಬೆಳೆಸ್ತಿದ್ದೀನಿ. ಗಾಜಿನ ತಟ್ಟೆಯಲ್ಲಿ ಜಿಂಕ್ ಸಲ್ಫೇಟ್ ದ್ರಾವಣ. ನಡುವೆ ಪೆನ್ಸಿಲ್ ಕಡ್ಡಿ ಮೈನಸ್‌ಗೆ, ಸುತ್ತ ಉಂಗುರ ಪ್ಲಸ್‌ಗೆ. ಮೊದಲು ಹೊಳೆಯುವ ಕವಲು ಚೆನ್ನಾಗೇ ಒಡೆಯುತ್ತವೆ. ಅರ್ಧ ದಾರಿ ಹೋದ ಮೇಲೆ ತುದಿಗಳೆಲ್ಲ ಕಂದು-ಕಪ್ಪು ಮಸಿ. ಕಡ್ಡಿ ತಾಗಿಸಿದರೆ ಕದಡಿ ಹೋಗುತ್ತೆ. ಪ್ರತಿ ಸಲ ಇದೇ ಹಣೆಬರಹ.

ಆಳಂದ_ಅಯಾನ್: ನೀರು ಯಾವುದು? ಬೋರ್ ನೀರಾದರೆ ಮುಗೀತು. ಅದರಲ್ಲಿ ಸುಣ್ಣ, ಕ್ಲೋರೈಡ್ ಎಲ್ಲಾ ಇರುತ್ತೆ.

ಸೇಡಂ_ಕವಲು: ಆರ್‌ಒ ನೀರೇ ಸರ್.

ಆಳಂದ_ಅಯಾನ್: ಫಿಲ್ಟರ್ ಬದಲಿಸಿ ಎಷ್ಟು ದಿನ ಆಯ್ತೋ! ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರು ತನ್ನಿ. ಸಲ್ಫೇಟ್ ಎಲ್ಲಿಯದು?

ಸೇಡಂ_ಕವಲು: ಗೊಬ್ಬರದ ಅಂಗಡಿಯದು. ಜಿಂಕ್ 21% ಅಂತ ಪ್ಯಾಕೆಟ್ ಮೇಲಿದೆ.

ಬೀದರ್_ಬೆಂಚ್: ವೋಲ್ಟೇಜ್ ಯಾರೂ ಕೇಳಲೇ ಇಲ್ವಲ್ಲ. ಜಪಾನಿನ ಮಾತ್ಸುಶಿತಾ ತಂಡ 1984ರಲ್ಲಿ ಇದನ್ನೇ ಮಾಡಿತ್ತು, ಫ್ರ್ಯಾಕ್ಟಲ್ ಆಯಾಮ, ಅಂದ್ರೆ ಕವಲು ಜಾಗವನ್ನು ಎಷ್ಟು ತುಂಬುತ್ತೆ ಅನ್ನೋ ಅಳತೆ (ಗೆರೆಗೆ 1, ಪೂರ್ತಿ ತುಂಬಿದ ಹಾಳೆಗೆ 2), ಸುಮಾರು 1.66 ಬಂತು. ದ್ರಾವಣದಲ್ಲಿ ಅಲೆಯುತ್ತಾ ಬರುವ ಸತುವಿನ ಅಯಾನು (ವಿದ್ಯುತ್ ಚಾರ್ಜ್ ಇರುವ ಕಣ) ಹೊರಗಿನ ತುದಿಗೇ ಮೊದಲು ತಾಗಿ ಅಂಟುತ್ತೆ, ಒಳಗಿನ ಸಂದಿಗೆ ತಲುಪೋದೇ ಇಲ್ಲ. ಕವಲು ಹುಟ್ಟೋದೇ ಹಾಗೆ. ವೋಲ್ಟೇಜ್ ಜಾಸ್ತಿಯಾದರೆ ಹೈಡ್ರೋಜನ್ ಗುಳ್ಳೆ ಎದ್ದು ಎಲ್ಲಾ ಕೆಡುತ್ತೆ. ನನ್ನ ಹತ್ತಿರ 0–30 ವೋಲ್ಟ್ ಬೆಂಚ್ ಸಪ್ಲೈ, ಯುಎಸ್‌ಬಿ ಮೈಕ್ರೋಸ್ಕೋಪ್, ಮೇಲೆ ರಿಂಗ್ ಲೈಟ್ ಇದೆ. ರಾತ್ರಿ ವಿಡಿಯೋ ಹಾಕ್ತೀನಿ.

ಸೇಡಂ_ಕವಲು: ಫೋನ್ ಚಾರ್ಜರ್, 5 ವೋಲ್ಟ್. ಗುಳ್ಳೆ ಕಾಣ್ತಿಲ್ಲ. ಡಿಸ್ಟಿಲ್ಡ್ ನೀರೂ ಹಾಕಿದೆ, ಅದೇ ಮಸಿ.

ಆಳಂದ_ಅಯಾನ್: ತಟ್ಟೆ ತೊಳೆದದ್ದು ಬೋರ್ ನೀರಲ್ಲೇ ಅಲ್ವಾ?

ಚಿತ್ತಾಪುರ_ಫರಸಿ: ನಮ್ಮ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಇಂಥದ್ದೇ ಕಪ್ಪು ಗಿಡ ಮೂಡಿದೆ. ಜರೀಗಿಡದ ಪಳೆಯುಳಿಕೆ. ನೂರು ಮೈಕ್ರೋಸ್ಕೋಪ್ ತಂದ್ರೂ ಇಂಥದ್ದು ಸಿಗಲ್ಲ.

ಬೀದರ್_ಬೆಂಚ್: ಪಳೆಯುಳಿಕೆ ಅಲ್ಲ ರೀ. ಪದರದ ಸಂದಿಯಲ್ಲಿ ನೀರು ಜಿನುಗಿ ಕೂತ ಮ್ಯಾಂಗನೀಸ್ ಆಕ್ಸೈಡ್ ಇರಬೇಕು. ಆ ಸುಣ್ಣಕಲ್ಲು ನೆಲದ ಮೇಲೆ ಜರೀಗಿಡ ಹುಟ್ಟೋದಕ್ಕಿಂತ ಎಷ್ಟೋ ಹಳೆಯದು.

ಚಿತ್ತಾಪುರ_ಫರಸಿ: ಕಲ್ಲು ನೋಡದೇ ಹೇಳಿಬಿಟ್ರಾ?

ಸುರಪುರ_ತಂತಿ: ಕಲ್ಲಿನ ಜಗಳ ಆಮೇಲೆ. ಉಂಗುರ ಯಾವುದರದ್ದು?

ಸೇಡಂ_ಕವಲು: ಮೋಟರ್ ವೈಂಡಿಂಗಿನ ತಾಮ್ರದ ತಂತಿ, ಎನಾಮೆಲ್ ಕೆರೆದು ಹಾಕಿದ್ದು. ಕರೆಂಟ್ ಹರಿದ್ರೆ ಸಾಕಲ್ವಾ?

ಸುರಪುರ_ತಂತಿ: ಸಾಲದು. ಪ್ಲಸ್‌ನಲ್ಲಿ ಕೂತ ತಾಮ್ರ ಕರಗಿ ನಡುವಿನ ಕಡೆ ಬರುತ್ತೆ. ನಿಮ್ಮ ಎಲೆ ಅದಕ್ಕೆ ಎದುರಾದ ಕೂಡಲೇ ಸತುವಿಗಿಂತ ಮೊದಲು ತಾಮ್ರವೇ ಪುಡಿಯಾಗಿ ಕೂರುತ್ತೆ. ಅದಕ್ಕೇ ಒಳಗೆ ಹೊಳಪು, ಹೊರಗೆ ಮಸಿ. ಹಳೆ ಸಾದಾ ಸೆಲ್ಲಿನ ಸತುವಿನ ಡಬ್ಬಿ ಕತ್ತರಿಸಿ, ಒಂದು ಚೂರು ಉಜ್ಜಿ, ಕರೆಂಟ್ ತೆಗೆದು, ಉಂಗುರದ ಪಕ್ಕ ಅದ್ದಿ ನೋಡಿ. ಕಪ್ಪಾದರೆ ತಾಮ್ರ ಇಳಿದಿದೆ ಅಂತಲೇ. ಹೊಸ ದ್ರಾವಣ ಮಾಡಿ, ಉಂಗುರವನ್ನೂ ಸತುವಿನದ್ದೇ ಹಾಕಿ. ಆಲ್ಕಲೈನ್ ಸೆಲ್ ಮಾತ್ರ ಒಡೀಬೇಡಿ, ಒಳಗಿರೋದು ಕೈ ಸುಡುವ ಕ್ಷಾರ. ಡಬ್ಬಿಯೂ ಉಕ್ಕಿನದು.

ಬೀದರ್_ಬೆಂಚ್: ಸತುವಿನ ಉಂಗುರ ಇದ್ದರೂ ನಡುದಾರಿಯಲ್ಲಿ ಕವಲಿನ ರೂಪ ಬದಲಾಗಬಹುದು. ಹೆಕ್ಕರ್ ಎಫೆಕ್ಟ್ ಅಂತಾರೆ. ಪ್ಲಸ್ ಕಡೆಯಿಂದ ಅಯಾನುಗಳ ಗಡಿಯೊಂದು ಸರಿದು ಬರುತ್ತೆ, ಎಲೆ ಅದನ್ನು ಮುಟ್ಟಿದಾಗ ಬದಲಾವಣೆ.

ಸುರಪುರ_ತಂತಿ: ರೂಪ ಬದಲಾಗೋದು ಬೇರೆ, ಕಂದು ಮಸಿ ಬೇರೆ.

ಸೇಡಂ_ಕವಲು: ಅದ್ದಿದೆ. ನೋಡ್ತಾ ನೋಡ್ತಾ ಕಪ್ಪಾಯ್ತು. ಆದ್ರೆ ಸೆಲ್ ಒಂದೇ ಇತ್ತು, ಉಂಗುರಕ್ಕೆ ಸಾಲಲ್ಲ.

ಆಳಂದ_ಅಯಾನ್: ಏನೇ ಆಗ್ಲಿ, ನೀರಿನ ಟಿಡಿಎಸ್ (ಕರಗಿದ ಲವಣದ ಪ್ರಮಾಣ) ಒಮ್ಮೆ ನೋಡಿ.

ಚಿತ್ತಾಪುರ_ಫರಸಿ: ಕಲ್ಲಿನ ಫೋಟೋ ಹಾಕಿದ್ದೇನೆ. ನರ ನರ ಕಾಣುತ್ತೆ. ಇದೂ ಮ್ಯಾಂಗನೀಸಾ?