ಹಡಗಿಗೂ ತಡೆ ತಂದ ಸಾಲ: ಇದನ್ನು ಯಾವ ವಿಭಾಗದಲ್ಲಿ ಓದಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಧಾರವಾಡದಲ್ಲಿ ಎಂ.ಎ. ಅರ್ಥಶಾಸ್ತ್ರದ ಎರಡನೆಯ ವರ್ಷದಲ್ಲಿದ್ದೇನೆ. ದೇಶಗಳ ವಿದೇಶಿ ಸಾಲದ ಬಗ್ಗೆ ಪಿಎಚ್.ಡಿ. ಮಾಡುವ ಆಸೆ. ಹೊರದೇಶದ ವಿಶ್ವವಿದ್ಯಾಲಯಗಳ ಪ್ರಕಟಣೆಗಳಲ್ಲೆಲ್ಲ ‘ಅಂತರಶಿಸ್ತೀಯ ಸಂಶೋಧನೆ’ ಎಂದಿರುತ್ತದೆ. ಅದು ಅನುದಾನಕ್ಕಾಗಿ ಹೊಸೆದ ಮಾತು ಎನ್ನುತ್ತಾರೆ ನಮ್ಮ ಗುರುಗಳೊಬ್ಬರು. ಲೆಕ್ಕದ ಜೊತೆ ಕಾನೂನು, ರಾಜಕೀಯ ಎಂದು ಹೊರಟರೆ ಅಲ್ಲಿಯೂ ಸಲ್ಲದೆ ಇಲ್ಲಿಯೂ ಸಲ್ಲದೆ ಉಳಿದುಬಿಡುತ್ತೇನೆಯೇ?

ಉತ್ತರ: ನಿಮ್ಮ ಗುರುಗಳ ಮಾತು ಅರ್ಧ ನಿಜ. ಮೂರು ವಿಭಾಗದವರ ಹೆಸರು ಸೇರಿಸಿ ಅರ್ಜಿ ಹಾಕಿ, ಹಣ ಬಂದ ಮೇಲೆ ತಮ್ಮ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡವರನ್ನು ನಾನೂ ಕಂಡಿದ್ದೇನೆ. ಆದರೆ ದೇಶಗಳ ಸಾಲದ ವಿಷಯಕ್ಕೆ ಬಂದರೆ ಒಂದೇ ವಿಭಾಗದಲ್ಲಿ ಕುಳಿತು ಮುಗಿಸುವುದು ಆಗದ ಕೆಲಸ. ಅರ್ಜೆಂಟೀನಾವನ್ನೇ ನೋಡಿ.

2001ರ ಡಿಸೆಂಬರಿನಲ್ಲಿ ಆ ದೇಶ ಸಾಲ ತೀರಿಸಲಾರೆ ಎಂದು ಕೈಚೆಲ್ಲಿತು. ಹಳೆಯ ಬಾಂಡ್‌ಗಳ (ಸಾಲಪತ್ರಗಳ) ಬದಲು ಕಡಿಮೆ ಮೌಲ್ಯದ ಹೊಸ ಬಾಂಡ್ ಕೊಡುತ್ತೇನೆಂದು 2005ರಲ್ಲಿ ಒಮ್ಮೆ, 2010ರಲ್ಲಿ ಇನ್ನೊಮ್ಮೆ ಹೇಳಿದಾಗ ಶೇಕಡಾ 90ಕ್ಕೂ ಹೆಚ್ಚು ಪಾಲಿನ ಸಾಲಕ್ಕೆ ಒಪ್ಪಿಗೆ ಬಂತು. ಬಂದಷ್ಟಾದರೂ ಬರಲಿ ಎಂಬ ಲೆಕ್ಕ. ಒಪ್ಪದೆ ಉಳಿದವರಲ್ಲಿ ಎನ್‌ಎಂಎಲ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆ ಇತ್ತು. 2012ರ ಅಕ್ಟೋಬರಿನಲ್ಲಿ ಅರ್ಜೆಂಟೀನಾ ನೌಕಾಪಡೆಯ ತರಬೇತಿ ಹಡಗು ‘ಲಿಬರ್ತಾದ್’ ಘಾನಾದ ತೇಮಾ ಬಂದರಿಗೆ ಬಂದಾಗ, ಆ ಸಂಸ್ಥೆ ಅಲ್ಲಿನ ಕೋರ್ಟಿಗೆ ಹೋಗಿ ಹಡಗು ಹೊರಡದಂತೆ ತಡೆ ತಂದಿತು. (ಹಡಗಿನ ಹೆಸರಿನ ಅರ್ಥ ‘ಸ್ವಾತಂತ್ರ್ಯ’!) ಪರದೇಶದ ನೌಕಾಪಡೆಯ ಹಡಗನ್ನು ಹೀಗೆ ತಡೆಯಬಹುದೇ? ಒಂದು ದೇಶದ ಆಸ್ತಿಯನ್ನು ಇನ್ನೊಂದು ದೇಶದ ಕೋರ್ಟು ಮುಟ್ಟಬಾರದೆಂಬ ವಿನಾಯಿತಿಯನ್ನು ಅರ್ಜೆಂಟೀನಾ ಸಾಲಪತ್ರದಲ್ಲಿ ತಾನೇ ಬಿಟ್ಟುಕೊಟ್ಟಿದೆ ಎಂದರು ಘಾನಾದ ನ್ಯಾಯಾಧೀಶರು. ಹಡಗನ್ನು ಬಿಡಿ ಎಂದು ಡಿಸೆಂಬರ್ 15ರಂದು ಆದೇಶಿಸಿದ್ದು ಹ್ಯಾಂಬರ್ಗ್‌ನಲ್ಲಿರುವ ಸಮುದ್ರ ಕಾನೂನಿನ ನ್ಯಾಯಮಂಡಳಿ. ಬಾಂಡ್‌ನ ಬಡ್ಡಿ ಲೆಕ್ಕ ಹಾಕುವ ಯಾವ ಪಠ್ಯದಲ್ಲಿ ಸಮುದ್ರ ಕಾನೂನಿನ ಅಧ್ಯಾಯ ಇದೆ ಹೇಳಿ?

ಹಡಗು ಊರಿಗೆ ಮರಳಿತು, ವ್ಯಾಜ್ಯ ಮುಗಿಯಲಿಲ್ಲ. ಸಾಲಪತ್ರದಲ್ಲಿ ‘ಪಾರಿ ಪಾಸು’ ಎಂಬ ಹಳೆಯ ಲ್ಯಾಟಿನ್ ಷರತ್ತು ಇತ್ತು. ಎಲ್ಲ ಸಾಲಗಳಿಗೂ ಸಮಾನ ಸ್ಥಾನ ಎಂದು ಸ್ಥೂಲವಾದ ಅರ್ಥ. ಎಷ್ಟೋ ವಕೀಲರು ಅದನ್ನು ಹಿಂದಿನ ದಸ್ತಾವೇಜಿನಿಂದ ಹೊಸದಕ್ಕೆ ಹಾಗೆಯೇ ಇಳಿಸಿಕೊಂಡು ಬಂದವರು. ನ್ಯೂಯಾರ್ಕಿನ ನ್ಯಾಯಾಧೀಶ ಥಾಮಸ್ ಗ್ರೀಸಾ ಅದನ್ನು ಅಕ್ಷರಶಃ ಓದಿದರು: ಒಪ್ಪಿದವರಿಗೆ ಅವರ ಕಂತು ಕೊಡುವುದಾದರೆ ಒಪ್ಪದವರಿಗೂ ಅವರ ಬಾಕಿ ಪೂರ್ತಿ ಕೊಡಬೇಕು. ಹೀಗಾಗಿ 2014ರ ಜೂನ್‌ನಲ್ಲಿ ಅರ್ಜೆಂಟೀನಾ ಬ್ಯಾಂಕಿಗೆ ಹಣ ಕಟ್ಟಿದ ಮೇಲೂ ಅದು ಬಾಂಡ್‌ದಾರರ ಕೈಸೇರಲಿಲ್ಲ. ಜೇಬಿನಲ್ಲಿ ಹಣವಿದ್ದೂ ಜುಲೈ ಕೊನೆಗೆ ದೇಶ ಸುಸ್ತಿಯಾಯಿತು, ಅಂದರೆ ಸಾಲ ಕಟ್ಟದವರ ಪಟ್ಟಿ ಸೇರಿತು. ಕೊನೆಗೆ 2016ರಲ್ಲಿ ರಾಜಿ.

ಪ್ರಶ್ನೆ: ನಾನು ಸಹಕಾರಿ ಬ್ಯಾಂಕಿನಿಂದ ನಿವೃತ್ತನಾದವನು. ನಮ್ಮಲ್ಲಿ ಸುಸ್ತಿದಾರನಿಗೆ ನೋಟಿಸು, ಆಮೇಲೆ ಜಪ್ತಿ, ಹರಾಜು. ಕಂಪನಿ ಮುಳುಗಿದರೆ ದಿವಾಳಿ ಕಾನೂನು ಇದೆ. ದೇಶಗಳಿಗೆ ಅಂಥದ್ದೊಂದು ಇಲ್ಲವೇ?

ಉತ್ತರ: ಇಲ್ಲ ಸಾರ್, ಜಾಗತಿಕ ಆಡಳಿತವನ್ನು ಅಭ್ಯಾಸ ಮಾಡುವವರಿಗೆ ಕೆಲಸ ಸಿಕ್ಕಿರುವುದೇ ಅದರಿಂದ. ಐಎಂಎಫ್‌ನ (ಅಂತರರಾಷ್ಟ್ರೀಯ ಹಣಕಾಸು ನಿಧಿಯ) ಎರಡನೆಯ ಸ್ಥಾನದಲ್ಲಿದ್ದ ಆನ್ ಕ್ರೂಗರ್ 2001ರ ನವೆಂಬರಿನಲ್ಲಿ ದೇಶಗಳಿಗೂ ದಿವಾಳಿ ಪ್ರಕ್ರಿಯೆಯಂಥದ್ದೊಂದು ಬೇಕೆಂದು ಪ್ರಸ್ತಾಪಿಸಿದರು. ಅಮೆರಿಕ ಬೆಂಬಲಿಸಲಿಲ್ಲ. ಐಎಂಎಫ್‌ನ ದೊಡ್ಡ ತೀರ್ಮಾನಗಳಿಗೆ ಶೇಕಡಾ 85 ಮತ ಬೇಕು, ಅಮೆರಿಕದ ಬಳಿ ಇರುವುದು 16ಕ್ಕಿಂತ ಹೆಚ್ಚು. ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು. 2003ರಲ್ಲಿ ಪ್ರಸ್ತಾವ ಮೂಲೆ ಸೇರಿತು. ಅದರ ಬದಲು ಬಾಂಡ್‌ನಲ್ಲಿಯೇ ಒಂದು ಷರತ್ತು ಸೇರಿಸುವ ರೂಢಿ ಬಂತು: ನಿಗದಿತ ಬಹುಮತ ಒಪ್ಪಿದರೆ ಉಳಿದವರೂ ಒಪ್ಪಲೇಬೇಕು.

ಆರ್ಥಿಕ ಮಾದರಿ ಎಷ್ಟು ಚೆನ್ನಾಗಿದ್ದರೂ ಈ ಮತದ ಲೆಕ್ಕ ಅದರೊಳಗೆ ಬರುವುದಿಲ್ಲ. ರಾಜ್ಯಶಾಸ್ತ್ರದವರು ಬೇಕಾಗುವುದು ಇಲ್ಲಿ. ಅವರೋ, ಬಡ್ಡಿ ದರ ಎಂದೊಡನೆ ಚಹಾಕ್ಕೆ ಎದ್ದು ಹೋಗುತ್ತಾರೆ.

ಪ್ರಶ್ನೆ (ಮತ್ತೆ ಧಾರವಾಡದಿಂದ): ಹಾಗಾದರೆ ಒಟ್ಟಿಗೆ ಕೆಲಸ ಮಾಡುವಾಗ ನಿಜವಾದ ತೊಡಕು ಎಲ್ಲಿ?

ಉತ್ತರ: ಪದಗಳಲ್ಲಿ. ನಮ್ಮ ತಂಡ ಹಳೆಯ ಸಾಲಗಳ ಒಂದು ದೊಡ್ಡ ಕೋಷ್ಟಕ ಮಾಡುತ್ತಿತ್ತು. ಒಂದು ಕಾಲಂನ ತಲೆಬರಹ ‘ಸುಸ್ತಿ’. ಸರಿಯಾಗಿ ಎರಡು ವಾರ ಅದಕ್ಕೇ ಹೋಯಿತು. ಕರಾರಿನ ಯಾವ ಷರತ್ತು ಮುರಿದರೂ ಸುಸ್ತಿ ಎಂದರು ಕಾನೂನಿನವರು. ಸಾಲ ಕೊಟ್ಟವನಿಗೆ ನಷ್ಟವಾದರೆ ಮಾತ್ರ ಎಂದರು ಅರ್ಥಶಾಸ್ತ್ರದವರು. ಇತಿಹಾಸದವರೊಬ್ಬರು, ಆ ಕಾಲದಲ್ಲಿ ಸರ್ಕಾರ ಆ ಪದ ಬಳಸಿತ್ತೇ ಎಂದು ಕೇಳಿದರು. ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ನೆನಪಾಯಿತು: 2014ರಲ್ಲಿ ಅರ್ಜೆಂಟೀನಾ ಸರ್ಕಾರ ‘ನಾವು ಹಣ ಕಟ್ಟಿದ್ದೇವೆ, ಸುಸ್ತಿಯಾಗಿಲ್ಲ’ ಎಂದೇ ವಾದಿಸಿತ್ತು. ಕಾಲಂ ಒಂದಿದ್ದದ್ದು ಮೂರಾಯಿತು. ಅನಂತರ ಕೋಷ್ಟಕದಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬಂದ ಭಾಗವೂ ಅದೇ.

ಪ್ರಶ್ನೆ: ಭಾರತ ಹೊರದೇಶದ ಮಾರುಕಟ್ಟೆಯಲ್ಲಿ ಸರ್ಕಾರಿ ಬಾಂಡ್ ಮಾರಿಯೇ ಇಲ್ಲವಲ್ಲ. ನಮಗೇಕೆ ಈ ಚಿಂತೆ?

ಉತ್ತರ: ನಾವೀಗ ಸಾಲ ಕೊಟ್ಟವರ ಸಾಲಿನಲ್ಲಿದ್ದೇವೆ. 2022ರ ಏಪ್ರಿಲಿನಲ್ಲಿ ಶ್ರೀಲಂಕಾ ವಿದೇಶಿ ಸಾಲದ ಪಾವತಿ ನಿಲ್ಲಿಸಿತು. ಸಾಲ ಕೊಟ್ಟ ಸರ್ಕಾರಗಳ ಸಮಿತಿಗೆ ಜಪಾನ್, ಫ್ರಾನ್ಸ್ ಜೊತೆ ಭಾರತವೂ ಸಹ-ಅಧ್ಯಕ್ಷ. ಚೀನಾ ಆ ಸಮಿತಿಯ ಹೊರಗೇ ನಿಂತು ಪ್ರತ್ಯೇಕವಾಗಿ ಮಾತುಕತೆ ನಡೆಸಿತು. ಯಾರು ಎಷ್ಟು ಬಿಟ್ಟುಕೊಡಬೇಕೆಂಬ ಆ ಲೆಕ್ಕವನ್ನು ಕನ್ನಡ ಬಲ್ಲವರೊಬ್ಬರು ಕೂತು ಬಿಡಿಸಿದರೆ ಬೇಡವೆನ್ನುವವರು ಯಾರು?

ಧಾರವಾಡದವರಿಗೆ ಕೊನೆಯದಾಗಿ: ಅರ್ಥಶಾಸ್ತ್ರ ಬಿಡಬೇಡಿ. ಒಂದು ವಿದ್ಯೆಯಲ್ಲಿ ಕೈ ಪಳಗಿರಬೇಕು, ಇನ್ನೊಂದನ್ನು ಓದಿ ತಿಳಿಯುವಷ್ಟು ಕಲಿತರೆ ಸಾಕು. ಬೆಂಗಳೂರಿಗೆ ಬಂದಾಗ ನಾಗರಬಾವಿಗೆ ಹೋಗಿ. ರಾಷ್ಟ್ರೀಯ ಕಾನೂನು ಶಾಲೆಯೂ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ) ಸಂಸ್ಥೆಯೂ ಅಲ್ಲಿ ನೆರೆಹೊರೆ. ಅದಕ್ಕೂ ಮೊದಲು ಅರ್ಜೆಂಟೀನಾದ ಒಂದು ಬಾಂಡ್ ದಸ್ತಾವೇಜು ಇಳಿಸಿಕೊಳ್ಳಿ. ಅಮೆರಿಕದ ಷೇರುಪೇಟೆ ನಿಯಂತ್ರಕರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಬಡ್ಡಿಯ ಪುಟ ದಾಟಿ ಷರತ್ತುಗಳ ಪುಟಕ್ಕೆ ಹೋಗಿ, ಅರ್ಥವಾಗದ ವಾಕ್ಯಗಳಿಗೆ ಗೆರೆ ಎಳೆದು ನನಗೆ ಕಳುಹಿಸಿ.