ಎಕ್ಸೆಲ್ ಹಾಳೆಯ ಖಾಲಿ ಸೆಲ್‌ಗಳು ಡೇಟಾಬೇಸಿಗೆ ಹೋಗುವಾಗ: ಅನುಭವ ಹಂಚಿಕೆ

ಪ್ರಶ್ನೆ (ಬ್ಯಾಡಗಿಯಿಂದ)

ನಮಸ್ಕಾರ. ನಾನು ಇಲ್ಲಿನ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಆರು ವರ್ಷಗಳ ಆವಕ ಮತ್ತು ದರದ ಎಕ್ಸೆಲ್ ಹಾಳೆಗಳನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತಗಳನ್ನಾಗಿ ಮಾಡಿ ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಸೇರಿಸಿದೆ. ಎಲ್ಲಿಯೂ ಕೆಲಸ ನಿಲ್ಲಲಿಲ್ಲ. ಆದರೆ ಡಬ್ಬಿ ಮೆಣಸಿನಕಾಯಿಯ ಸರಾಸರಿ ದರ ತೆಗೆದಾಗ ನಾವು ಯಾವ ವರ್ಷವೂ ಕಾಣದಷ್ಟು ಕಡಿಮೆ ಅಂಕಿ ಬಂದಿತು, ಪಾವತಿಯ ಕೆಲವು ದಿನಾಂಕಗಳು ಬರೀ ಸೊನ್ನೆಗಳಾಗಿವೆ. ಹಾಳೆಯಲ್ಲಿ ಖಾಲಿ ಇದ್ದ ಜಾಗಗಳೇ ಇದಕ್ಕೆ ಕಾರಣವೆಂದು ತೋರುತ್ತದೆ. ಈ ಕೆಲಸ ಮಾಡಿದವರು ತಮ್ಮ ಅನುಭವ ತಿಳಿಸಬೇಕೆಂದು ವಿನಂತಿ.

ಹುಬ್ಬಳ್ಳಿಯಿಂದ

ತಮ್ಮ ಊಹೆ ಸರಿಯಾಗಿದೆ. ಕಡತವನ್ನು ಟೇಬಲ್ಲಿಗೆ ತುಂಬುವ ಲೋಡ್ ಡೇಟಾ ಆಜ್ಞೆಯ ಮಟ್ಟಿಗೆ ಎರಡು ಅಲ್ಪವಿರಾಮಗಳ ನಡುವೆ ಏನೂ ಇಲ್ಲವೆಂದರೆ ಅದು ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಅಲ್ಲ, ಅಕ್ಷರವಿಲ್ಲದ ಪಠ್ಯ. ಅದನ್ನು ಸಂಖ್ಯೆಯ ಕಾಲಂಗೆ ಹಾಕಬೇಕಾದಾಗ ಸೊನ್ನೆಯನ್ನೂ, ದಿನಾಂಕದ ಕಾಲಂಗೆ ಹಾಕಬೇಕಾದಾಗ 0000-00-00 ಎಂಬುದನ್ನೂ ಬರೆಯುತ್ತದೆ. ಸ್ಟ್ರಿಕ್ಟ್ ಮೋಡ್ (ತಪ್ಪು ಮೌಲ್ಯವನ್ನು ಒಪ್ಪದ ಕಟ್ಟುನಿಟ್ಟಿನ ವ್ಯವಸ್ಥೆ) ಇದ್ದಾಗ ದೋಷ ತೋರಿಸಿ ನಿಲ್ಲಬೇಕಾದ ಈ ಕೆಲಸ, ಕಡತ ನಮ್ಮ ಕಂಪ್ಯೂಟರಿನಲ್ಲಿದೆಯೆಂದು ಆಜ್ಞೆಯಲ್ಲಿ 'ಲೋಕಲ್' ಎಂಬ ಪದ ಸೇರಿಸಿದ ಕೂಡಲೇ ನಿಲ್ಲದೆ ಮುಂದೆ ಸಾಗುತ್ತದೆ, ದೋಷಗಳು ಬರೀ ಎಚ್ಚರಿಕೆಗಳಾಗುತ್ತವೆ. ಸೇರ್ಪಡೆ ಮುಗಿದ ಮೇಲೆ ಬರುವ ಸಾಲಿನ ಕೊನೆಯಲ್ಲಿ ವಾರ್ನಿಂಗ್ಸ್ ಎಂಬ ಅಂಕಿ ಇರುತ್ತದೆ. ತಾವು ಅದನ್ನು ಗಮನಿಸದೆ ಮುಂದೆ ಹೋಗಿರಬಹುದು, ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ಶೋ ವಾರ್ನಿಂಗ್ಸ್ ಎಂದು ಕೇಳಿದರೂ 8.0 ಆವೃತ್ತಿ ತಾನಾಗಿ ಮೊದಲ 1,024 ಎಚ್ಚರಿಕೆಗಳನ್ನಷ್ಟೇ ತೋರಿಸುತ್ತದೆ, ಆದ್ದರಿಂದ ಪಟ್ಟಿಗಿಂತ ಒಟ್ಟು ಅಂಕಿಯನ್ನೇ ನಂಬಬೇಕು.

ಸರಾಸರಿ ಏಕೆ ಕುಸಿಯಿತೆಂಬುದನ್ನು ಐದು ದಿನಗಳ ಒಂದು ಉದಾಹರಣೆಯಲ್ಲಿ ನೋಡಿ. ಮೂರು ದಿನ ಕ್ವಿಂಟಲಿಗೆ 20,000, 22,000 ಮತ್ತು 21,000 ರೂಪಾಯಿ ದರ ಇತ್ತು, ಎರಡು ದಿನ ಮಾಲು ಬರಲಿಲ್ಲವಾದ್ದರಿಂದ ದರದ ಸೆಲ್ ಖಾಲಿ ಉಳಿಯಿತು ಎಂದುಕೊಳ್ಳೋಣ. ಖಾಲಿ ಇದ್ದದ್ದು ನಲ್ ಆಗಿದ್ದರೆ ಸರಾಸರಿ ತೆಗೆಯುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ, ಉತ್ತರ 21,000. ಸೊನ್ನೆಯಾಗಿದ್ದರೆ ಅದೇ 63,000 ಐದರಿಂದ ಭಾಗವಾಗಿ 12,600 ಆಗುತ್ತದೆ.

ಹಾಗೆಂದು ಹಾಳೆಯ ಎಲ್ಲ ಖಾಲಿಗಳನ್ನೂ ನಲ್ ಮಾಡಿಬಿಡಿ ಎಂದು ನಾನು ಹೇಳಲಾರೆ. ಮಾಲು ಬಾರದ ಆ ದಿನದ ಸಾಲಿನಲ್ಲಿ ಆವಕದ ಕಾಲಮ್ಮೂ ಖಾಲಿ, ದರದ ಕಾಲಮ್ಮೂ ಖಾಲಿ. ಆದರೆ ಆವಕದ ಖಾಲಿಗೆ ಶೂನ್ಯ ಚೀಲ ಎಂಬುದೇ ನಿಜವಾದ ಅರ್ಥ, ದರದ ಖಾಲಿಗೆ ಅಂದು ದರವೇ ಹುಟ್ಟಲಿಲ್ಲ ಎಂಬ ಅರ್ಥ. ಮೊದಲನೆಯದು ಸೊನ್ನೆಯಾಗಬೇಕು, ಎರಡನೆಯದು ನಲ್ ಆಗಬೇಕು. ಇದನ್ನು ಯಾವ ಸಾಫ್ಟ್‌ವೇರೂ ನಿರ್ಧರಿಸಲಾರದು. ಹಾಳೆಯನ್ನು ಆರು ವರ್ಷ ತುಂಬಿದವರ ಪಕ್ಕದಲ್ಲಿ ಕುಳಿತು ಒಂದೊಂದೇ ಕಾಲಂ ತೋರಿಸಿ "ಇಲ್ಲಿ ಏನೂ ಬರೆಯದೆ ಬಿಟ್ಟರೆ ಏನರ್ಥ?" ಎಂದು ಕೇಳಿ ಬರೆದುಕೊಳ್ಳಬೇಕು. ನಾನು ಈಗ ಈ ಪಟ್ಟಿ ಸಿದ್ಧವಾಗುವವರೆಗೆ ಆಜ್ಞೆ ಬರೆಯಲು ಕೂಡುವುದಿಲ್ಲ.

ಆಜ್ಞೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಕಾಲಂ ಪಟ್ಟಿಯಲ್ಲಿ ದರ ಎಂಬುದರ ಬದಲು @ದರ ಎಂದು ತಾತ್ಕಾಲಿಕ ಹೆಸರು ಕೊಟ್ಟು, ಕೊನೆಗೆ ಸೆಟ್ ದರ = ನಲ್‌ಇಫ್(ಟ್ರಿಮ್(@ದರ), '') ಎಂದು ಬರೆಯಿರಿ. ಟ್ರಿಮ್ ಹಿಂದುಮುಂದಿನ ಸ್ಪೇಸ್ ತೆಗೆಯುತ್ತದೆ, ಉಳಿದದ್ದು ಖಾಲಿಯಾದರೆ ನಲ್‌ಇಫ್ ಅದನ್ನು ನಲ್ ಮಾಡುತ್ತದೆ. ಸಾಲಿನ ಕಟ್ಟಕಡೆಯ ಕಾಲಂ ಬಗ್ಗೆ ಮಾತ್ರ ಎಚ್ಚರ ಬೇಕು. ವಿಂಡೋಸ್‌ನಲ್ಲಿ ಉಳಿಸಿದ ಸಿಎಸ್‌ವಿಯ ಪ್ರತಿ ಸಾಲಿನ ಅಂತ್ಯದಲ್ಲಿ ಕಣ್ಣಿಗೆ ಕಾಣದ ಎರಡು ಗುರುತುಗಳಿದ್ದು, ಸಾಲು ಎಲ್ಲಿ ಮುಗಿಯುತ್ತದೆಂದು ಸರಿಯಾಗಿ ತಿಳಿಸದಿದ್ದರೆ ಮೊದಲನೆಯ ಗುರುತು ಕೊನೆಯ ಕಾಲಂನಲ್ಲೇ ಉಳಿಯುತ್ತದೆ. ಆಗ ಆ ಕಾಲಂ ಖಾಲಿ ಕಂಡರೂ ಖಾಲಿಯಲ್ಲ, ಟ್ರಿಮ್ ಅದನ್ನು ತೆಗೆಯುವುದೂ ಇಲ್ಲ.

ಗದಗದಿಂದ

ನಾನು ಸಹಕಾರ ಸಂಘವೊಂದರ ಸದಸ್ಯರ ಪಟ್ಟಿಯನ್ನು ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿಗೆ ಸೇರಿಸಿದ್ದೆ. ಅಲ್ಲಿ ನಿಯಮ ಬೇರೆ: ಉದ್ಧರಣ ಚಿಹ್ನೆಯಿಲ್ಲದ ಖಾಲಿ ತಾನಾಗಿಯೇ ನಲ್ ಆಗುತ್ತದೆ, ಚಿಹ್ನೆಗಳ ನಡುವಿನ ಖಾಲಿ ಮಾತ್ರ ಅಕ್ಷರವಿಲ್ಲದ ಪಠ್ಯವಾಗಿ ಉಳಿಯುತ್ತದೆ. ನಮಗೆ ಬಂದ ಕಡತದಲ್ಲಿ ಪ್ರತಿಯೊಂದಕ್ಕೂ ಚಿಹ್ನೆ ಹಾಕಲಾಗಿತ್ತು. ಮೊಬೈಲ್ ಸಂಖ್ಯೆ ಯಾರದೂ ಎರಡು ಸಲ ಬರಬಾರದೆಂದು ಯೂನಿಕ್ ನಿರ್ಬಂಧ ಇಟ್ಟಿದ್ದರಿಂದ, ಮೊಬೈಲ್ ಇಲ್ಲದ ಎರಡನೆಯ ಸದಸ್ಯರಿಗೇ ಸೇರ್ಪಡೆ ನಿಂತುಹೋಯಿತು. ಫೋರ್ಸ್ ನಲ್ ಆಯ್ಕೆಯಲ್ಲಿ ಆ ಕಾಲಂ ಹೆಸರಿಸಿದ ಮೇಲೆ ಸರಿಹೋಯಿತು, ಏಕೆಂದರೆ ನಲ್ ಎಷ್ಟು ಸಲ ಬಂದರೂ ಆ ನಿರ್ಬಂಧಕ್ಕೆ ಅಡ್ಡಿಯಿಲ್ಲ.

ನನಗೆ ಇಂದಿಗೂ ನೋವಾಗುವ ತಪ್ಪು ಬೇರೆಯದು. ಹಳೆಯ ದಾಖಲೆಗಳಲ್ಲಿ ಜಿಲ್ಲೆಯ ಕಾಲಂ ಬಹುಪಾಲು ಖಾಲಿ ಇತ್ತು. 1997ರಲ್ಲಿ ಗದಗ ಮತ್ತು ಹಾವೇರಿ ಜಿಲ್ಲೆಗಳಾಗುವ ಮೊದಲು ಎಲ್ಲರದೂ ಧಾರವಾಡ ಜಿಲ್ಲೆಯೇ ಆಗಿದ್ದರಿಂದ ಯಾರೂ ಅದನ್ನು ಬರೆಯುತ್ತಿರಲಿಲ್ಲ. ನಾನು ಖಾಲಿ ಇದ್ದಲ್ಲೆಲ್ಲ 'ಧಾರವಾಡ' ಎಂದು ತುಂಬಿದೆ. ರೋಣ, ಮುಂಡರಗಿ, ಹಾನಗಲ್, ಸವಣೂರಿನ ಸದಸ್ಯರೆಲ್ಲ ಧಾರವಾಡ ಜಿಲ್ಲೆಯವರಾಗಿಬಿಟ್ಟರು. ಅದಕ್ಕಿಂತ ಕೆಟ್ಟದ್ದೆಂದರೆ, ಮೂಲದಲ್ಲಿ ಧಾರವಾಡ ಎಂದೇ ಬರೆದಿದ್ದ ಸದಸ್ಯರು ಯಾರು, ನಾನು ತುಂಬಿದ್ದು ಯಾರಿಗೆ ಎಂಬುದು ಡೇಟಾಬೇಸಿನಲ್ಲಿ ಎಲ್ಲಿಯೂ ಉಳಿದಿರಲಿಲ್ಲ. ಮತ್ತೆ ಹಾಳೆ ತೆರೆದು, ತಾಲೂಕಿನ ಹೆಸರಿನಿಂದ ಜಿಲ್ಲೆಯನ್ನು ಹೊಂದಿಸಿ, ತಾಲೂಕೂ ಇಲ್ಲದವರಿಗೆ ನಲ್ ಬಿಟ್ಟೆ.

ಧಾರವಾಡದಿಂದ

ಪೈಥಾನ್ ಬಳಸುವವರಿಗೆ ಎರಡು ಮಾತು. ಕೋಷ್ಟಕಗಳನ್ನು ಓದಲು ಬಳಸುವ ಅದರ ಪಾಂಡಾಸ್ ಲೈಬ್ರರಿಯಲ್ಲಿ ಪೂರ್ಣಾಂಕಗಳ ಕಾಲಂನೊಳಗೆ ಒಂದೇ ಒಂದು ಖಾಲಿ ಇದ್ದರೂ ಇಡೀ ಕಾಲಂ ದಶಮಾಂಶವಾಗುತ್ತದೆ, ಖಾತೆ ಸಂಖ್ಯೆ 4512 ಇದ್ದದ್ದು 4512.0 ಆಗುತ್ತದೆ. ಮೊದಲು ಎಲ್ಲವನ್ನೂ ಪಠ್ಯವಾಗಿಯೇ ಓದಿಸಿ, ಆಮೇಲೆ ಕಾಲಂವಾರು ಬದಲಾಯಿಸುವುದು ಕ್ಷೇಮ. ಇನ್ನು, ವೆಬ್ ಪುಟದಿಂದ ನಕಲು ಮಾಡಿ ಅಂಟಿಸಿದ ಹಾಳೆಗಳಲ್ಲಿ ಸಾಮಾನ್ಯ ಸ್ಪೇಸ್ ಅಲ್ಲದ, 160ನೆಯ ಸಂಕೇತದ ಸ್ಪೇಸ್ ಸೇರಿಕೊಂಡಿರುತ್ತದೆ. ಎಕ್ಸೆಲ್‌ನ ಟ್ರಿಮ್ ಅದನ್ನು ಮುಟ್ಟುವುದಿಲ್ಲ, ಸಬ್‌ಸ್ಟಿಟ್ಯೂಟ್ ಬಳಸಿ ತೆಗೆಯಬೇಕಾಗುತ್ತದೆ.

ಮತ್ತೆ ಬ್ಯಾಡಗಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ಎಚ್ಚರಿಕೆಗಳ ಅಂಕಿ ನೋಡಿದೆ, ಸಾವಿರಾರು ಇವೆ. ಹಾಳೆ ತುಂಬುವ ನಮ್ಮ ಹಿರಿಯ ಗುಮಾಸ್ತರನ್ನೂ ಕೇಳಿದೆ. ರೈತರ ಹೆಸರಿನ ಕಾಲಂನಲ್ಲಿ ಖಾಲಿ ಬಿಟ್ಟರೆ "ಮೇಲಿನವರದೇ ಇನ್ನೊಂದು ಲಾಟ್" ಎಂದರ್ಥವಂತೆ. ಕೆಲವು ಕಡೆ ಸೆಲ್‌ಗಳನ್ನು ಮರ್ಜ್ ಕೂಡ ಮಾಡಿದ್ದಾರೆ. ಇದನ್ನು ಡೇಟಾಬೇಸಿಗೆ ಹಾಕಿದ ಮೇಲೆ ಸರಿಪಡಿಸಬಹುದೇ?

ಹಾವೇರಿಯಿಂದ

ದಯವಿಟ್ಟು ಹಾಕುವ ಮೊದಲೇ ಸರಿಪಡಿಸಿ. 'ಮೇಲಿನವರು' ಎಂಬ ಅರ್ಥ ನಿಂತಿರುವುದು ಸಾಲುಗಳ ಕ್ರಮದ ಮೇಲೆ, ಡೇಟಾಬೇಸಿನ ಟೇಬಲ್ಲಿಗೆ ಅಂಥ ಕ್ರಮವೇ ಇಲ್ಲ. ಹಾಳೆಯಲ್ಲಿ ಕೂಡ ಒಮ್ಮೆ ದಿನಾಂಕದ ಪ್ರಕಾರವೋ ದರದ ಪ್ರಕಾರವೋ ವಿಂಗಡಿಸಿ ಉಳಿಸಿದರೆ ಯಾರ ಲಾಟ್ ಯಾರದೆಂದು ಹೇಳಲಾಗದು. ವಿಂಗಡಿಸದ ಮೂಲ ಪ್ರತಿಯನ್ನೇ ತೆಗೆದುಕೊಂಡು, ಮರ್ಜ್ ಬಿಡಿಸಿ, ಹೆಸರಿನ ಕಾಲಂ ಆಯ್ದು, ಗೋ ಟು ಸ್ಪೆಷಲ್‌ನಲ್ಲಿ ಬ್ಲ್ಯಾಂಕ್ಸ್ ಒತ್ತಿ, ಸಮ ಚಿಹ್ನೆ ಹಾಕಿ ಮೇಲಿನ ಸೆಲ್ ತೋರಿಸಿ, ಕಂಟ್ರೋಲ್ ಹಿಡಿದು ಎಂಟರ್ ಒತ್ತಿದರೆ ಎಲ್ಲವೂ ಒಮ್ಮೆಗೇ ತುಂಬುತ್ತವೆ. ನಂತರ ಅವನ್ನು ಸೂತ್ರಗಳಾಗಿ ಬಿಡದೆ ಮೌಲ್ಯಗಳಾಗಿ ಅಂಟಿಸಬೇಕು.

ಸೇರಿಸುವ ಮೊದಲು, ನಲ್ ಆಗಬೇಕಾದ ಉಳಿದ ಪ್ರತಿ ಕಾಲಂಗೂ ಎಕ್ಸೆಲ್‌ನ ಕೌಂಟ್‌ಬ್ಲ್ಯಾಂಕ್ ಸೂತ್ರದಿಂದ ಖಾಲಿ ಸೆಲ್‌ಗಳ ಎಣಿಕೆ ತೆಗೆದು ಬರೆದಿಟ್ಟುಕೊಳ್ಳಿ, ಸೇರಿಸಿದ ಮೇಲೆ ಈಸ್ ನಲ್ ಎಂದು ಕೇಳಿ ಎಣಿಸಿ ತಾಳೆ ನೋಡಿ. ಸಮ ಚಿಹ್ನೆಯಿಂದ ಕೇಳಿದರೆ ನಲ್ ಎಂದೂ ಸಿಗುವುದಿಲ್ಲ. ನನ್ನ ಹಾಳೆಯಲ್ಲಿ ಕೌಂಟ್‌ಬ್ಲ್ಯಾಂಕ್ 212 ಎಂದಿತ್ತು, ಡೇಟಾಬೇಸಿನಲ್ಲಿ ನಲ್ 219 ಬಂದವು. ಹುಡುಕಿದಾಗ ಏಳು ಸೆಲ್‌ಗಳಲ್ಲಿ ಯಾರೋ ಹಳೆಯ ಅಂಕಿ ಅಳಿಸಲು ಸ್ಪೇಸ್ ಒತ್ತಿದ್ದು ಗೊತ್ತಾಯಿತು. ಅವನ್ನು ಕೌಂಟ್‌ಬ್ಲ್ಯಾಂಕ್ ಖಾಲಿಯೆಂದು ಎಣಿಸಿರಲಿಲ್ಲ, ಆಜ್ಞೆಯ ಟ್ರಿಮ್ ಮತ್ತು ನಲ್‌ಇಫ್ ಮಾತ್ರ ನಲ್ ಮಾಡಿದ್ದವು.