ಹದಿನಾಲ್ಕು ಮೆಟ್ಟಿಲು

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು ‘ಅರಳೆಪೇಟೆ ಮನೆ’. ಬೆಂಗಳೂರೆಲ್ಲ ಕಾಟನ್‌ಪೇಟೆ ಎನ್ನುವುದನ್ನು ನಮ್ಮ ಅತ್ತೆ ಇಂದಿಗೂ ಅರಳೆಪೇಟೆ ಎಂದೇ ಕರೆಯುತ್ತಾರೆ. ಮೂವತ್ತೊಂದು ವರ್ಷ ಕನ್ನಡ ಕಲಿಸಿದವರು. ಯಾರಾದರೂ ಕ್ರಿಯಾಪದವನ್ನು ಅರ್ಧ ನುಂಗಿ ಬರೆದರೆ ತಿದ್ದಿ ವಾಪಸ್ ಕಳಿಸುತ್ತಾರೆ. ಹಾಗಾಗಿ ಈ ಗುಂಪಿನಲ್ಲಿ ಜಗಳವೂ ವ್ಯಾಕರಣಬದ್ಧ. ಕಳೆದ ಗುರುವಾರದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಚಿಕ್ಕಪ್ಪನೊಬ್ಬರನ್ನು ಬಿಟ್ಟು ಎಲ್ಲರೂ ಒಪ್ಪಿದ್ದಾರೆ.

ದಾವಣಗೆರೆ ಚಿಕ್ಕಪ್ಪ: (ವಿಡಿಯೊ, 43 ಸೆಕೆಂಡು: ‘ಮೆಜೆಸ್ಟಿಕ್ ಪಕ್ಕದ ಈ ಗಲ್ಲಿಯಲ್ಲಿ ಮನುಷ್ಯರು ಬದುಕುತ್ತಾರೆಯೇ?’)

ದಾವಣಗೆರೆ ಚಿಕ್ಕಪ್ಪ: ಎಲ್ಲರೂ ಪೂರ್ತಿ ನೋಡಿ. ಎಷ್ಟು ವರ್ಷದಿಂದ ಬಡಿದುಕೊಳ್ಳುತ್ತಿದ್ದೇನೆ.

ವೈಟ್‌ಫೀಲ್ಡ್ ಅಕ್ಕ: ಅಯ್ಯೋ, ಆ ವೈರುಗಳ ಗೂಡು! ಗಂಟು ಹೊತ್ತವನಿಗೆ ದಾರಿ ಬಿಡಲು ಆ ಹೆಂಗಸು ಯಾರದೋ ಅಂಗಡಿಯೊಳಗೇ ಹೊಕ್ಕರಲ್ಲ.

ಅರಳೆಪೇಟೆ ಅತ್ತೆ: 27ನೇ ಸೆಕೆಂಡಿನಲ್ಲಿ ನಿಲ್ಲಿಸಿ ನೋಡು. ಮೊದಲ ಮಹಡಿಯಲ್ಲಿ ಒಣಗುತ್ತಿರುವ ಹಸಿರು ಸೀರೆ ನನ್ನದು. ಮನುಷ್ಯರು ಬದುಕುತ್ತಾರೆ.

ಹೂಸ್ಟನ್ ಅಣ್ಣ: ಹೌದಲ್ಲ! ಅದು ನಮ್ಮ ಮನೆಯೇ! ಅತ್ತೆ, ನಿಮ್ಮ ಮನೆ ಪ್ರಸಿದ್ಧವಾಯಿತು.

ದಾವಣಗೆರೆ ಚಿಕ್ಕಪ್ಪ: ನಗುವ ವಿಷಯವಲ್ಲ. ಅಕ್ಕನಿಗೆ ಅರವತ್ತೊಂಬತ್ತು. ಹಗಲೆಲ್ಲ ತಳ್ಳುಗಾಡಿ, ಟೆಂಪೊ, ಹೊಗೆ. ರಾತ್ರಿ ಲಾಡ್ಜುಗಳ ಮುಂದೆ ಕುಡಿದವರ ಗಲಾಟೆ. ಒಳ್ಳೆಯ ಬೆಲೆ ಬಂದಾಗಲೇ ಮಾರಿಬಿಡೋಣ. ನಿಲ್ದಾಣ ಹತ್ತಿರ, ನಿಲ್ದಾಣ ಹತ್ತಿರ ಎಂದು ಎಷ್ಟು ದಿನ ಹೇಳುವುದು? 2022ರಲ್ಲಿ ಬೈಯಪ್ಪನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ಟರ್ಮಿನಲ್ ತೆರೆದ ಮೇಲೆ ದೂರದ ರೈಲುಗಳು ಒಂದೊಂದಾಗಿ ಅಲ್ಲಿಗೆ ಹೋಗುತ್ತಿವೆ.

ಅರಳೆಪೇಟೆ ಅತ್ತೆ: ರೈಲು ಹೋಗಲಿ. ನನ್ನ ಹಾಲಿನವನು ಬೈಯಪ್ಪನಹಳ್ಳಿಗೆ ಹೋಗಿಲ್ಲ.

ವೈಟ್‌ಫೀಲ್ಡ್ ಅಕ್ಕ: ಅತ್ತೆ, ನಮ್ಮ ಅಪಾರ್ಟ್‌ಮೆಂಟಿಗೆ ಬಂದುಬಿಡಿ. ಲಿಫ್ಟ್ ಇದೆ, ತೋಟ ಇದೆ, ಬೆಳಿಗ್ಗೆ ಹಕ್ಕಿಗಳ ದನಿ ಕೇಳುತ್ತದೆ.

ಅರಳೆಪೇಟೆ ಅತ್ತೆ: ಬಂದಿದ್ದೆನಲ್ಲ, ದೀಪಾವಳಿಗೆ ಒಂಬತ್ತು ದಿನ. ಹದಿನಾಲ್ಕನೇ ಮಹಡಿಯಲ್ಲಿ ಕೂತು ಒಂದು ಕಟ್ಟು ಕೊತ್ತಂಬರಿಗೆ ಮೊಬೈಲ್ ಒತ್ತಬೇಕು. ಒಂಬತ್ತು ದಿನದಲ್ಲಿ ನನ್ನನ್ನು ಮಾತಾಡಿಸಿದವರು ಇಬ್ಬರು: ನೀನು, ಕಾವಲುಗಾರ. ಇಲ್ಲಿ ಎರಡು ದಿನ ನಾನು ಕೆಳಗಿಳಿಯದಿದ್ದರೆ ಹೂವಿನವಳು ಮೇಲೆ ಬಂದು ಬಾಗಿಲು ಬಡಿಯುತ್ತಾಳೆ. ಇನ್ನು ನಿನ್ನನ್ನು ನೋಡಬೇಕೆನಿಸಿದರೆ ಮೆಟ್ರೊದ ನೇರಳೆ ಮಾರ್ಗ ಇದೆ. 2023ರಿಂದ ವೈಟ್‌ಫೀಲ್ಡ್ ಮುಟ್ಟಿದೆ. ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ಬೇರೆ ಗಾಡಿ ಬದಲಿಸಬೇಕಾಗಿಲ್ಲ. ನೀನೇ ಹತ್ತುವುದಿಲ್ಲ.

ದೊಡ್ಡಪ್ಪ: ನೀವು ಯಾರೂ ಆ ಜಾಗದ ಚರಿತ್ರೆಯನ್ನು ಅರಿತಿಲ್ಲ. ಈಗ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ನಾನು ಚಿಕ್ಕವನಿದ್ದಾಗ ಅದು ಸುಭಾಷ್‌ನಗರ ಮೈದಾನ, ಅಪ್ಪ ಅಲ್ಲಿಗೆ ವಸ್ತುಪ್ರದರ್ಶನ ನೋಡಲು ಕರೆದೊಯ್ಯುತ್ತಿದ್ದರು. ಕೆರೆ ಹೋಯಿತು, ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರು ಉಳಿಯಿತು. ಜೋರು ಮಳೆ ಬಂದರೆ ನೀರು ತನ್ನ ಹಳೆಯ ವಿಳಾಸ ಹುಡುಕಿಕೊಂಡು ಈಗಲೂ ಬರುತ್ತದೆ. ಅಪ್ಪ ಬಿನ್ನಿ ಮಿಲ್ಲಿನಲ್ಲಿದ್ದರು. 1884ರ ಮಿಲ್ಲು. ಅದರ ಸೈರನ್ನಿಗೇ ನಮ್ಮ ಮನೆಯಲ್ಲಿ ಒಲೆ ಹತ್ತುತ್ತಿತ್ತು. ಈಗ ಮಿಲ್ಲಿನ ಜಾಗದಲ್ಲಿ ಗೋಪುರದಂಥ ವಸತಿ ಕಟ್ಟಡಗಳು.

(ದೊಡ್ಡಪ್ಪನ ಸಂದೇಶ ಇನ್ನೂ ಎರಡು ಪುಟ ಇತ್ತು. ಚರಿತ್ರೆ ಶುರುವಾದರೆ ಗುಂಪು ಖಾಲಿಯಾಗುತ್ತದೆ ಎಂಬುದು ಅವರಿಗೂ ಗೊತ್ತು. ಅವತ್ತು ಖಾಲಿಯಾಗಲಿ ಎಂದೇ ಬರೆದರೇನೋ ಎಂದು ಆಮೇಲೆ ನನಗೆ ಅನಿಸಿತು.)

ದಾವಣಗೆರೆ ಚಿಕ್ಕಪ್ಪ: ಅಣ್ಣ, ಸೈರನ್ ಕೇಳಿ ಹೊಟ್ಟೆ ತುಂಬುವುದಿಲ್ಲ. ಇವತ್ತಿನ ಮಾತಾಡು. ಯಾರಾದರೂ ಆ ಮನೆಗೆ ಒಂದು ವಾರ ಹೋಗಿ ಇರಲು ತಯಾರಿದ್ದೀರಾ?

ಅರಳೆಪೇಟೆ ಅತ್ತೆ: ಇದಕ್ಕೆ ನಾನು ಉತ್ತರಿಸುತ್ತೇನೆ. ರೈಲ್ವೆ ನಿಲ್ದಾಣದ ಎದುರು 1903ರಿಂದ ತೋಟದಪ್ಪನವರ ಛತ್ರ ಇದೆ. ಹದಿನೈದು ನಿಮಿಷ ನಡೆದರೆ ಎರಡನೆಯ ಛತ್ರ, ನಮ್ಮ ಮನೆ. ಅಲ್ಲಿ ಹೆಸರಾದರೂ ಬರೆಸಬೇಕು, ಇಲ್ಲಿ ಅದೂ ಇರಲಿಲ್ಲ. ಅಟ್ಟದ ಮೇಲೆ ಹನ್ನೊಂದು ಚಾಪೆ ಇನ್ನೂ ಇವೆ. ಸಂದರ್ಶನಕ್ಕೆ ಬಂದವರು, ವೀಸಾಕ್ಕೆ ಬಂದವರು, ಕಣ್ಣಿನ ಪೊರೆ ತೆಗೆಸಲು ಬಂದವರು, ಹೆಣ್ಣು ನೋಡಲು ಬಂದು ಒಪ್ಪಿಗೆಯಾಗದೆ ಮೂರು ದಿನ ಉಳಿದವರು. ದಾವಣಗೆರೆಯ ನಮ್ಮ ತಮ್ಮನ ಮಗಳು ಹುಟ್ಟಿದ್ದು ವಾಣಿವಿಲಾಸ ಆಸ್ಪತ್ರೆಯಲ್ಲಿ, ಬಾಣಂತನ ನನ್ನ ಕೋಣೆಯಲ್ಲಿ. ನಾನು ಐವತ್ತು ದಿನ ಅಡುಗೆಮನೆಯಲ್ಲಿ ಮಲಗಿದೆ. ಆಗ ಗಲಾಟೆ ಇರಲಿಲ್ಲವೇ? ಈಗಿನದಕ್ಕಿಂತ ಹೆಚ್ಚಿತ್ತು. ನೀವೆಲ್ಲ ದೇವನಹಳ್ಳಿಯಲ್ಲಿ ಇಳಿಯಲು ಶುರುಮಾಡಿದ ಮೇಲೆ ನನ್ನ ಗಲ್ಲಿ ವಾಸಕ್ಕೆ ಅಯೋಗ್ಯವಾಯಿತು.

ಹೂಸ್ಟನ್ ಅಣ್ಣ: ಅತ್ತೆ, ಆ ವೀಸಾದವನು ನಾನು. ನಿಮ್ಮ ಗೊಜ್ಜವಲಕ್ಕಿ ಕಟ್ಟಿಸಿಕೊಂಡು ಹೋಗಿದ್ದೆ.

ವೈಟ್‌ಫೀಲ್ಡ್ ಅಕ್ಕ: ಬಾಣಂತನದ ಕಥೆ ನನಗೆ ಯಾರೂ ಹೇಳಿರಲಿಲ್ಲ.

ಅರಳೆಪೇಟೆ ಅತ್ತೆ: ಹೇಳಿಕೊಳ್ಳುವಂಥದ್ದೇನಲ್ಲ. ಕರಗದ ರಾತ್ರಿಯನ್ನು ಮಾತ್ರ ನೀವು ಮರೆಯುವುದಿಲ್ಲ. ಕರಗ ಮಸ್ತಾನ್ ಸಾಹೇಬರ ದರ್ಗಾಕ್ಕೆ ಬರುವ ಹೊತ್ತಿಗೆ ಎಲ್ಲರಿಗೂ ನಮ್ಮ ಮಾಳಿಗೆ ಬೇಕು. ಹೋದ ಚೈತ್ರದಲ್ಲಿ ಇಪ್ಪತ್ತಮೂರು ಕಾಫಿ ಲೋಟ ತೊಳೆದಿದ್ದೇನೆ.

(ಈ ತನಕ ನಾನು ಬಾಯಿ ಬಿಟ್ಟಿರಲಿಲ್ಲ. ಅತ್ತೆ ಗೆಲ್ಲುತ್ತಿದ್ದರು, ನನಗೆ ಖುಷಿಯೇ. ಆದರೆ ಅದೇ 27ನೇ ಸೆಕೆಂಡಿನಲ್ಲಿ ಸೀರೆಯ ಕೆಳಗೆ ಕಾಣುವುದನ್ನು ಯಾರೂ ಹೇಳುತ್ತಿರಲಿಲ್ಲ.)

ನಾನು: ಅತ್ತೆ, ಗಲಾಟೆ, ಹೊಗೆ ಎಲ್ಲ ಬದಿಗಿರಲಿ. ಸೀರೆಯ ಕೆಳಗೆ, ನಮ್ಮ ಬಾಗಿಲಲ್ಲಿ ಚೀಲಗಳು ಕಾಣುತ್ತಿವೆ. ಕೆಳಗಿನ ಗೋದಾಮಿನವರು ಮೆಟ್ಟಿಲ ಮೇಲೂ ಇಟ್ಟಿದ್ದಾರೆಯೇ?

ಅರಳೆಪೇಟೆ ಅತ್ತೆ: ಇಟ್ಟಿದ್ದಾರೆ.

ನಾನು: ಒಳಗೆ ಏನಿದೆ?

ಅರಳೆಪೇಟೆ ಅತ್ತೆ: ಪ್ಲಾಸ್ಟಿಕ್ ಹೂವು, ಆಟದ ಸಾಮಾನು, ಥರ್ಮಾಕೋಲ್. ಹಬ್ಬದ ಸರಕು.

ನಾನು: 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯಲ್ಲಿ ನಡೆದ ಬೆಂಕಿ ಅನಾಹುತವನ್ನು ನೀವೇ ನನಗೆ ಫೋನ್ ಮಾಡಿ ಹೇಳಿದ್ದಿರಿ. ಕೆಳಗೆ ಸರಕು, ಮೇಲೆ ಸಂಸಾರ. ಐದು ಜನ ಹೋದರು, ಅದರಲ್ಲಿ ಇಬ್ಬರು ಮಕ್ಕಳು. ನಮ್ಮ ಮನೆಗೆ ಇರುವುದು ಒಂದೇ ಮೆಟ್ಟಿಲು. ಹಿಂದೆ ಗೋಡೆ, ಪಕ್ಕದಲ್ಲಿ ಗೋಡೆ. ಗಲ್ಲಿಗೆ ಅಗ್ನಿಶಾಮಕ ವಾಹನ ಇರಲಿ, ಆಟೊ ಬಂದರೇ ಎದುರಿನವರು ಚಪ್ಪಲಿ ಎತ್ತಿಟ್ಟುಕೊಳ್ಳಬೇಕು.

ದಾವಣಗೆರೆ ಚಿಕ್ಕಪ್ಪ: ನೋಡಿದಿರಾ? ಇದನ್ನೇ ನಾನು ಹೇಳಿದ್ದು.

ನಾನು: ಚಿಕ್ಕಪ್ಪ, ನೀವು ಇದನ್ನು ಹೇಳಲಿಲ್ಲ. ನೀವು ಮಾರೋಣ ಎಂದಿರಿ.

(ಹನ್ನೊಂದು ನಿಮಿಷ ಏನೂ ಇಲ್ಲ. ಆಮೇಲೆ ಅತ್ತೆಯಿಂದ ಒಂದು ಫೋಟೊ. ಮೇಲಿನಿಂದ ಕೆಳಕ್ಕೆ ತೆಗೆದದ್ದು. ಸವೆದು ನಡುಮಧ್ಯೆ ತಗ್ಗಾದ ಕಲ್ಲಿನ ಮೆಟ್ಟಿಲುಗಳು, ಎಡಕ್ಕೆ ಹಳದಿ ಹಗ್ಗ ಬಿಗಿದ ಬಿಳಿ ಚೀಲಗಳ ಸಾಲು. ಒಂದು ಚೀಲ ಹರಿದು ಗುಲಾಬಿ ಬಣ್ಣದ ಹೂವಿನ ಎಸಳುಗಳು ಹೊರಬಂದಿದ್ದವು. ಬಲಕ್ಕೆ, ಅಜ್ಜ ಹಾಕಿಸಿದ್ದ ಕಬ್ಬಿಣದ ಹಿಡಿಕೆಗೆ ಆನಿಸಿ ಅತ್ತೆಯ ಊರುಗೋಲು.)

ಅರಳೆಪೇಟೆ ಅತ್ತೆ: ಮೆಟ್ಟಿಲು ಹದಿನಾಲ್ಕು. ಕೆಳಗಿನ ಒಂಬತ್ತರಲ್ಲಿ ಚೀಲ. ಉಳಿದ ಜಾಗದಲ್ಲಿ ನಾನು ಅಡ್ಡಡ್ಡ ಇಳಿಯುತ್ತೇನೆ. ಗೋದಾಮಿನವನಿಗೆ ಮೂರು ಸಲ ಹೇಳಿದೆ. ಅವನ ಉತ್ತರವನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸಿದೆ.

ವೈಟ್‌ಫೀಲ್ಡ್ ಅಕ್ಕ: ಊರುಗೋಲು ಯಾವಾಗಿನಿಂದ, ಅತ್ತೆ?

ಅರಳೆಪೇಟೆ ಅತ್ತೆ: ಸಂಕ್ರಾಂತಿಯಿಂದ. ಅವನ ಉತ್ತರ ಇಷ್ಟು: ‘ನಿಮ್ಮ ದೊಡ್ಡಣ್ಣನವರೇ ಒಪ್ಪಿದ್ದಾರೆ, ಮೆಟ್ಟಿಲಿನ ಜಾಗಕ್ಕೆಂದು ಬಾಡಿಗೆ ಹೆಚ್ಚಿಸಿದ್ದೇನಲ್ಲ.’

(ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ. ನಿಲ್ಲಿಸಿದರು. ಮತ್ತೆ ಟೈಪ್ ಮಾಡುತ್ತಿದ್ದಾರೆ.)

ದೊಡ್ಡಪ್ಪ: ನಾಲ್ಕು ಚೀಲ ಎಂದಿದ್ದ. ಹಬ್ಬದ ಹದಿನೈದು ದಿನಕ್ಕೆ ಮಾತ್ರ ಎಂದಿದ್ದ.

ಹೂಸ್ಟನ್ ಅಣ್ಣ: ಅಪ್ಪ!

ಅರಳೆಪೇಟೆ ಅತ್ತೆ: ಅವನೊಬ್ಬನನ್ನು ಬೈಯಬೇಡ. ಗೋದಾಮಿನ ಬಾಡಿಗೆ ನಾಲ್ಕು ಪಾಲಾಗಿ ಪ್ರತಿ ತಿಂಗಳು 5ನೇ ತಾರೀಖು ಎಲ್ಲರ ಖಾತೆಗೂ ಹೋಗುತ್ತದೆ. ಕಳಿಸುವವಳು ನಾನೇ. ದಾವಣಗೆರೆಗೆ ಒಂದು ದಿನ ತಡವಾದರೆ ಫೋನ್ ಬರುತ್ತದೆ. ಮೈಸೂರಿಗೂ ಹೋಗುತ್ತದೆ, ಅವರಪ್ಪನ ಪಾಲು. ನನ್ನ ಪಾಲನ್ನು ನಾನೂ ತಿಂದಿದ್ದೇನೆ. ಈಗ ಒಂದೇ ಪ್ರಶ್ನೆ. ಗೋದಾಮು ಖಾಲಿ ಮಾಡಿಸಿದರೆ ಬಾಡಿಗೆ ನಿಲ್ಲುತ್ತದೆ. ಯಾರು ಯಾರು ಒಪ್ಪುತ್ತೀರಿ?

(ಮೈಸೂರು ಎಂದರೆ ನಾನು. ನಗರ್ತಪೇಟೆಯ ಪಾಠ ಹೇಳಿದವನ ಮಗನ ಟ್ಯೂಷನ್ ಶುಲ್ಕ ಆ ಪ್ಲಾಸ್ಟಿಕ್ ಹೂವಿನಿಂದ ಬರುತ್ತಿದೆ. ಅತ್ತೆ ಅದನ್ನು ಬರೆಯಲಿಲ್ಲ, ನಾನೇ ಓದಿಕೊಂಡೆ. ಎಲ್ಲರೂ ಓದಿರಬೇಕು.)

ನಾನು: ನಾನು ಒಪ್ಪುತ್ತೇನೆ. ಈ 5ನೇ ತಾರೀಖಿನಿಂದಲೇ ಬೇಡ.

ಹೂಸ್ಟನ್ ಅಣ್ಣ: ಅಪ್ಪನ ಪಾಲನ್ನು ಇನ್ನು ಮುಂದೆ ನಾನು ಕಳಿಸುತ್ತೇನೆ.

ದೊಡ್ಡಪ್ಪ: ಯಾರೂ ಕಳಿಸಬೇಕಾಗಿಲ್ಲ. ನನಗೆ ಪಿಂಚಣಿ ಬರುತ್ತದೆ. ನಾಳೆ ಬೆಳಿಗ್ಗೆ ನಾನೇ ಹೋಗಿ ಅವನಿಗೆ ಹೇಳುತ್ತೇನೆ.

ದಾವಣಗೆರೆ ಚಿಕ್ಕಪ್ಪ: ಆತುರ ಬೇಡ. ಕರಾರಿನ ಪ್ರಕಾರ ಮೂರು ತಿಂಗಳ ನೋಟಿಸ್ ಕೊಡಬೇಕು. ಅಲ್ಲಿಯವರೆಗೆ ಬಾಡಿಗೆ ತೆಗೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಅರಳೆಪೇಟೆ ಅತ್ತೆ: ಬೆಂಕಿಗೂ ಮೂರು ತಿಂಗಳ ನೋಟಿಸ್ ಕೊಡೋಣವೇ?

ನಾನು: ಗೋದಾಮಿಗೆ ನೋಟಿಸ್ ಇರಲಿ. ಮೆಟ್ಟಿಲು ಕರಾರಿನಲ್ಲೇ ಇಲ್ಲ. ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ, ಚೀಲಗಳನ್ನು ಅವನ ಬಾಗಿಲಿಗೆ ಇಳಿಸಿಬಿಡುತ್ತೇನೆ.

ವೈಟ್‌ಫೀಲ್ಡ್ ಅಕ್ಕ: ನಾನೂ ಬರುತ್ತೇನೆ. ಮೆಟ್ರೊದಲ್ಲಿ.

ಅರಳೆಪೇಟೆ ಅತ್ತೆ: ಹಳೆಯ ಬಟ್ಟೆ ಹಾಕಿಕೊಂಡು ಬಾ, ಧೂಳು ವಿಪರೀತ. ತಿಂಡಿಗೆ ಗೊಜ್ಜವಲಕ್ಕಿ.

(ಅಷ್ಟರಲ್ಲಿ ಮೇಲೆ ಕಣ್ಣಾಡಿಸಿದರೆ ಆ ವಿಡಿಯೊ ಇದ್ದ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದಿತ್ತು.)

ಅರಳೆಪೇಟೆ ಅತ್ತೆ: ವಿಡಿಯೊ ಅಳಿಸಿದೆಯಾ? ಸರಿ. ಪಾಲಿನ ವಿಷಯ ಏನು, ಅದನ್ನು ಹೇಳು.